ನೀರಿನ ಜಾಡು ಹಿಡಿದು ಹೊಂಗ್‌ತ್ಸುನ್‌ನಲ್ಲಿ ಎರಡು ದಿನ

ಚೀನಾದ ಅನ್‌ಹುಯಿ ಪ್ರಾಂತ್ಯದ ಹಳೇ ಹಳ್ಳಿ ಹೊಂಗ್‌ತ್ಸುನ್‌ಗೆ ಕಾಲಿಟ್ಟ ಮೊದಲ ಅರ್ಧ ಗಂಟೆ ನನಗೆ ಬಂದದ್ದು ಸಿಟ್ಟು. ಟಿಕೆಟಿಗೆ ದುಡ್ಡು ಕೊಟ್ಟು ಒಳಗೆ ಹೋದರೆ ಕೆರೆಯ ನಡುವಿನ ಕಲ್ಲುಸೇತುವೆ ಮೇಲೆ ಕಾಲಿಡಲು ಜಾಗವಿಲ್ಲ. ಬಾವುಟ ಹಿಡಿದ ಗೈಡುಗಳು, ಅವರ ಹಿಂದೆ ಒಂದೇ ಬಣ್ಣದ ಟೋಪಿಯ ಹಿಂಡು. ದಂಡೆಯುದ್ದಕ್ಕೂ ಚಿಕ್ಕ ಸ್ಟೂಲು ಹಾಕಿಕೊಂಡು ಚಿತ್ರ ಬಿಡಿಸುತ್ತಿದ್ದ ಕಲಾಶಾಲೆಯ ಮಕ್ಕಳು. ಶಾಂಘೈಗೆ ಆಫೀಸಿನ ಕೆಲಸದ ಮೇಲೆ ಹೋಗಿದ್ದವಳು ಶನಿವಾರ ಭಾನುವಾರ ಸಿಕ್ಕಿತೆಂದು ವೇಗದ ರೈಲಿನಲ್ಲಿ ಹುವಾಂಗ್‌ಶಾನ್ ಉತ್ತರ ನಿಲ್ದಾಣಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಇಷ್ಟು ದೂರ ಬಂದಿದ್ದೆ. ಬಂದದ್ದೇ ತಪ್ಪಾಯಿತೇನೋ ಅನ್ನಿಸಿತು.

ಸಂಜೆ ಐದಾದ ಮೇಲೆ ಬಸ್ಸುಗಳೆಲ್ಲ ಹೊರಟುಹೋದವು. ಊರು ಕಂಡದ್ದು ಆಮೇಲೆ. ಹಾಗಾಗಿ ಹೋಗುವವರಿಗೆ ನಾನು ಹೇಳುವ ಮೊದಲ ಮಾತು, ರಾತ್ರಿ ಊರೊಳಗೇ ಉಳಿಯಿರಿ. ಅದೂ ಸಲೀಸಲ್ಲ. ನಾನು ಕಾದಿರಿಸಿದ್ದ ಮನೆಯವರು ಪಾಸ್‌ಪೋರ್ಟ್ ನೋಡಿ ಆಗಲ್ಲವೆಂದು ಕೈಯಾಡಿಸಿಬಿಟ್ಟರು. ವಿದೇಶಿಯರು ಉಳಿದರೆ ಪೊಲೀಸರಲ್ಲಿ ನೋಂದಣಿ ಆಗಬೇಕು, ಅದನ್ನು ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಬ್ಯಾಗು ಎಳೆದುಕೊಂಡು ಗಲ್ಲಿ ಗಲ್ಲಿ ತಿರುಗಿ, ಮೂರನೇ ಮನೆಯಲ್ಲಿ ಒಬ್ಬ ಆಂಟಿ ಒಳಗೆ ಕರೆದರು. ವಿದೇಶಿಯರನ್ನು ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಸಂದೇಶ ಕಳಿಸಿ ಕೇಳಿಬಿಡಿ. ದುಡ್ಡಿಗೆ ಅಲಿಪೇ ಎಂಬ ಅಲ್ಲಿನ ಪಾವತಿ ಆ್ಯಪಿನಲ್ಲಿ ನಮ್ಮ ವೀಸಾ ಕಾರ್ಡ್ ಜೋಡಿಸಿಕೊಂಡಿದ್ದೆ, ತರಕಾರಿ ಮಾರುವ ಅಜ್ಜಿಯೂ ಕೋಡ್ ಮುಂದಿಟ್ಟಳು. ನಮ್ಮೂರ ಸಿಮ್ಮಿನ ರೋಮಿಂಗ್ ಇದ್ದುದರಿಂದ ವಾಟ್ಸಾಪ್ ನಡೆಯಿತು, ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು, ನಕ್ಷೆ ಬಿಟ್ಟು, ಮನೆ ಮುಂದಿನ ಕಾಲುವೆ ಹಿಡಿದು ನಡೆದೆ. ಎರಡು ಮೂರು ಅಡಿ ಅಗಲದ ಕಾಲುವೆ, ಅಂಚಿಗೆ ಕಲ್ಲುಚಪ್ಪಡಿ, ತಳ ಕಾಣುವಷ್ಟು ತಿಳಿ ನೀರು. ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಹಿತ್ತಿಲಿಗೆ ತರುತ್ತಿದ್ದುದನ್ನು ನೋಡಿ ಬೆಳೆದವಳಿಗೆ ಇದು ಏನೆಂದು ಯಾರೂ ವಿವರಿಸಬೇಕಿರಲಿಲ್ಲ. ನಮ್ಮಲ್ಲಿ ಒಂದು ಮನೆಗೆ ಮಾಡಿದ್ದನ್ನು ಇವರು ಇಡೀ ಊರಿಗೆ ಮಾಡಿದ್ದರು, ಅಷ್ಟೇ. ಊರ ಪಶ್ಚಿಮದ ಹಳ್ಳಕ್ಕೆ ಕಟ್ಟ ಹಾಕಿ ತಿರುಗಿಸಿದ ನೀರು ಬಾಗಿಲಿನಿಂದ ಬಾಗಿಲಿಗೆ ಹಾದು ನಡುವಿನ ಅರ್ಧಚಂದ್ರ ಕೊಳಕ್ಕೆ ಬೀಳುತ್ತದೆ, ಅಲ್ಲಿಂದ ದಕ್ಷಿಣದ ಕೆರೆಗೆ, ಕೊನೆಗೆ ಗದ್ದೆಗೆ. ಊರಿನ ಆಕಾರ ಎತ್ತಿನದು ಎನ್ನುತ್ತಾರೆ: ಗುಡ್ಡ ತಲೆ, ಊರಬಾಗಿಲಿನ ಎರಡು ಹಳೇ ಮರ ಕೊಂಬು, ಕಾಲುವೆ ಕರುಳು, ಕೊಳ ಹೊಟ್ಟೆ. ಬೆಳಗಿನ ಹೊತ್ತು ಕುಡಿಯುವ ನೀರಿಗೆ ಮೀಸಲು, ಎಂಟರ ನಂತರವೇ ಪಾತ್ರೆ ಬಟ್ಟೆ ಎಂಬ ಕಟ್ಟುಪಾಡು ಹಿಂದೆ ಇತ್ತಂತೆ. ಈಗ ನಲ್ಲಿ ಬಂದಿದೆ. ಆದರೂ ಕೊಳದ ದಂಡೆಯಲ್ಲಿ ಇಬ್ಬರು ಹೆಂಗಸರು ಮರದ ಹಲಗೆಯಿಂದ ಬಟ್ಟೆ ಬಡಿಯುತ್ತಿದ್ದರು, ಆ ಸದ್ದು ಸುತ್ತಲಿನ ಬಿಳಿ ಗೋಡೆಗೆ ತಾಗಿ ಎರಡೆರಡು ಸಲ ಕೇಳಿಸುತ್ತಿತ್ತು.

ಇದು ವಾಂಗ್ ಮನೆತನದ ಊರು. ಕಾಲುವೆ, ಕೊಳ ಆದದ್ದು ಮಿಂಗ್ ಕಾಲದ ಯೊಂಗ್ಲೆ ದೊರೆಯ ದಿನಗಳಲ್ಲಿ, ಅಂದರೆ 1403ರಿಂದ 1424ರ ನಡುವೆ. ದಕ್ಷಿಣದ ಕೆರೆ 1607ರದು. ಕೊಳದ ಕೆಲಸವನ್ನು ಮುಂದೆ ನಿಂತು ಮಾಡಿಸಿದ್ದು ಹು ಚೊಂಗ್ ಎಂಬ ಹೆಣ್ಣುಮಗಳು, ಗಂಡ ದೂರದ ಪ್ರಾಂತ್ಯದಲ್ಲಿ ಅಧಿಕಾರಿ. ಪೂರ್ತಿ ದುಂಡಗೆ ತೋಡುವುದು ಬೇಡ, ಹುಣ್ಣಿಮೆ ಆದಮೇಲೆ ಚಂದ್ರ ಕರಗುವುದೇ ತಾನೇ ಎಂದು ಆಕೆ ಅರ್ಧಕ್ಕೇ ನಿಲ್ಲಿಸಿದಳು ಎಂಬುದು ಊರಿನ ಕತೆ.

ಗಂಡಸರು ಹೊರಗಿರುವುದು ಈ ಹುಯಿಜೌ ಸೀಮೆಯಲ್ಲಿ ಹೊಸತಲ್ಲ. ಗುಡ್ಡಗಾಡು, ಉಳುಮೆ ಭೂಮಿ ಕಡಿಮೆ. ಹದಿಮೂರು ಹದಿನಾಲ್ಕಕ್ಕೇ ಹುಡುಗರನ್ನು ವ್ಯಾಪಾರ ಕಲಿಯಲು ಹೊರಗೆ ಅಟ್ಟುತ್ತಿದ್ದರು. ಉಪ್ಪು, ಚಹಾ, ಮರಮುಟ್ಟಿನಲ್ಲಿ ದುಡಿದ ಹಣವೇ ಈ ಮನೆಗಳಾದದ್ದು. ಬೀದಿಗೆ ಎತ್ತರದ ಗೋಡೆ, ಕಿಟಕಿ ಇದ್ದರೂ ಕೈಯಗಲ. ಪಕ್ಕದ ಮನೆಯ ಬೆಂಕಿ ದಾಟದಿರಲೆಂದು ಮೆಟ್ಟಿಲಾಗಿ ಮಾಡಿನ ಮೇಲೆದ್ದ ಗೋಡೆಗೆ ಅವರು ಕುದುರೆತಲೆ ಗೋಡೆ ಎನ್ನುತ್ತಾರೆ.

ಹೆಚ್ಚು ಹೊತ್ತು ಕಳೆದದ್ದು ಚೆಂಗ್‌ಜಿ ತಾಂಗ್ ಎಂಬ ಮನೆಯಲ್ಲಿ. 1855ರಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಕಟ್ಟಿಸಿದ್ದು. 136 ಮರದ ಕಂಬ, 9 ತೊಟ್ಟಿ. ತೊಟ್ಟಿ ಎನ್ನದೆ ಬೇರೇನನ್ನಲಿ? ಅವರು ತಿಯೆನ್‌ಜಿಂಗ್, ಆಕಾಶದ ಬಾವಿ, ಎನ್ನುತ್ತಾರೆ. ನಮ್ಮದಕ್ಕಿಂತ ಕಿರಿದು, ಆಳ ಹೆಚ್ಚು. ಅಷ್ಟರಲ್ಲೇ ಮಳೆ ಹಿಡಿಯಿತು. ನಾಲ್ಕೂ ಮಾಡಿನ ನೀರು ಒಳಗೇ ಇಳಿಯಿತು. ನೀರೆಂದರೆ ಸಂಪತ್ತು, ಅದು ನೆರೆಮನೆಗೆ ಹರಿಯಬಾರದು ಎಂಬುದು ವ್ಯಾಪಾರಿಯ ಲೆಕ್ಕ. ಜಗಲಿಯಂಥ ಪಡಸಾಲೆಯ ಮೇಜಿನ ನಡುವೆ ಗಡಿಯಾರ, ಒಂದು ಕಡೆ ಹೂದಾನಿ, ಇನ್ನೊಂದು ಕಡೆ ಕನ್ನಡಿ. ಚೀನಿಯಲ್ಲಿ ಮೂರರ ಹೆಸರೂ ಸೇರಿದರೆ ಜೀವಮಾನವಿಡೀ ನೆಮ್ಮದಿ ಎಂಬ ಅರ್ಥದ ಮಾತು ಕೇಳಿಸುತ್ತದೆ. ಪಕ್ಕದ ಬಾಗಿಲುಗಳ ಮೇಲಿನ ಕೆತ್ತನೆ ‘ವ್ಯಾಪಾರಿ’ ಎಂಬ ಅಕ್ಷರದ ಆಕಾರದ್ದು. ಎಂಥ ದೊಡ್ಡ ಅಧಿಕಾರಿಯೂ ಅದರಡಿ ಹಾದೇ ಹೋಗಬೇಕು! ಇಸ್ಪೀಟಿನಂಥ ಮಾಜೊಂಗ್ ಆಟಕ್ಕೊಂದು ಕೋಣೆ, ಅಫೀಮು ಸೇದಲು ಇನ್ನೊಂದು. ತೊಲೆಗಳ ಮೇಲಿನ ಚಿನ್ನದ ಲೇಪದ ಕೆತ್ತನೆ, ಹಳೆಯದನ್ನೆಲ್ಲ ಒಡೆದುಹಾಕುತ್ತಿದ್ದ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಉಳಿದದ್ದು ಮಣ್ಣು ಮೆತ್ತಿ ಮುಚ್ಚಿಟ್ಟದ್ದರಿಂದ ಎನ್ನುತ್ತಾರೆ.

ಊಟದ ಬಗ್ಗೆ ಎರಡೇ ಮಾತು. ಎಲ್ಲದಕ್ಕೂ ಹಂದಿಮಾಂಸ ಬೀಳುತ್ತದೆ, ‘ವೋ ಛಿ ಸು’ (ನಾನು ಸಸ್ಯಾಹಾರಿ) ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ. ಬಿಳಿ ಬೂಷ್ಟು ಬರಿಸಿದ ತೋಫುವನ್ನು ಕರಿದು ಖಾರದ ಜೊತೆ ಕೊಡುತ್ತಾರೆ, ಕಣ್ಣು ಮುಚ್ಚಿ ತಿಂದೆ, ಎರಡನೆಯದನ್ನು ಕಣ್ಣು ಬಿಟ್ಟೇ ತಿಂದೆ. ಮಾರ್ಚ್ ಕೊನೆಯಾದ್ದರಿಂದ ಕಳಲೆಯೂ ಸಿಕ್ಕಿತು.

ಮಧ್ಯಾಹ್ನ ಶೀದಿಗೂ ಹೋದೆ. ಹೊಂಗ್‌ತ್ಸುನ್ ಜೊತೆಗೇ 2000ದಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಊರು, ಬಾಗಿಲಲ್ಲಿ 1578ರ ಕಲ್ಲಿನ ಕಮಾನು. ಜನ ಕಡಿಮೆ, ಆದರೆ ನನ್ನ ಕಾಲೂ ಸೋತಿತ್ತು, ಹೆಚ್ಚು ನೋಡಲಿಲ್ಲ.

ಹಿಂದಿನ ರಾತ್ರಿ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಆಂಟಿಯ ಮನೆಯ ತೊಟ್ಟಿ ತೋರಿಸಿದ್ದೆ. ಅಜ್ಜನ ಮನೆಯ ತೊಟ್ಟಿಗೆ ತಗಡು ಹೊದೆಸಿದ್ದು ಅಮ್ಮನೇ, ಆ ವಿಷಯದಲ್ಲಿ ನಮ್ಮಿಬ್ಬರಿಗೂ ವರ್ಷಗಳ ಜಗಳ.

“ಎರಚಲು ಹೊಡೆಯಲ್ವೇನೇ ಅವರಿಗೆ?”

ಆಂಟಿಗೆ ಫೋನಿನ ಅನುವಾದದಲ್ಲಿ ಕೇಳಿದೆ. ಆಕೆ ನಕ್ಕು ಟಾರ್ಚ್ ಮೇಲಕ್ಕೆ ಹಿಡಿದರು. ತೊಟ್ಟಿಗೆ ಉದ್ದಗಲಕ್ಕೂ ಗಾಜು ಕೂರಿಸಿತ್ತು. ಬಂದವರಿಗೆ ಚಳಿ ಆಗುತ್ತದಂತೆ.

“ನೋಡು, ಅವರೂ ಹಾಕ್ಸಿದಾರೆ!” ಎಂದು ಅಮ್ಮ ಅಪ್ಪನನ್ನು ಕೂಗಿ ಕರೆದಳು.