ಡಂಪ್ ಇಂಪೋರ್ಟ್ ಮಾಡ್ವಾಗ ಮೈಎಸ್‌ಕ್ಯೂಎಲ್ ಕನೆಕ್ಷನ್ ಕಟ್ ಆಗ್ತಿದ್ಯಾ? ಮೊದ್ಲು ಅಪ್‌ಟೈಮ್ ನೋಡಿ

ದೊಡ್ಡ ಡಂಪ್ ಫೈಲು (ಡೇಟಾಬೇಸ್‌ನ ಕಾಪಿ, ಎಸ್‌ಕ್ಯೂಎಲ್ ಕಮ್ಯಾಂಡ್‌ಗಳ ರೂಪದಲ್ಲಿ), ಮುಕ್ಕಾಲು ಪಾಲು ಒಳಗೆ ಹೋಗಿರುತ್ತೆ, ಇನ್ನೇನು ಮುಗೀತು ಅನ್ನೋಷ್ಟರಲ್ಲಿ ಎರರ್ 2006, 'ಸರ್ವರ್ ಹ್ಯಾಸ್ ಗಾನ್ ಅವೇ' ಅಂತ ಬಂದು ನಿಂತ್ಬಿಡುತ್ತೆ. ಆಗ ಎಲ್ರೂ ಮಾಡೋದು ಒಂದೇ, ಸಿಕ್ಕ ಸಿಕ್ಕ ಟೈಮ್‌ಔಟ್ ಎಲ್ಲಾ ಏರ್ಸಿ ಮತ್ತೆ ಓಡ್ಸೋದು. ನಾನೂ ಒಂದ್ಸಲ ರಾತ್ರಿಯೆಲ್ಲಾ ಅದನ್ನೇ ಮಾಡ್ಕೊಂಡು ಕೂತಿದ್ದೆ. ವೇಟ್ ಟೈಮ್‌ಔಟ್ (ಸುಮ್ನೆ ಕೂತಿರೋ ಕನೆಕ್ಷನ್ ಮುಚ್ಚೋ ಮುಂಚೆ ಸರ್ವರ್ ಕಾಯೋ ಸಮಯ) ಡೀಫಾಲ್ಟೇ 28800 ಸೆಕೆಂಡು, ಅಂದ್ರೆ 8 ಗಂಟೆ, ನನ್ನ ಇಂಪೋರ್ಟ್ ಸಾಯ್ತಿದ್ದಿದ್ದು ಹತ್ತೇ ನಿಮಿಷಕ್ಕೆ!

ಮೊದ್ಲು ನೋಡ್ಬೇಕಾಗಿರೋದು, ಸರ್ವರ್ ನಿಮ್ಮನ್ನ ಆಚೆ ಹಾಕ್ತಾ ಇಲ್ಲಾ ಸರ್ವರೇ ಬಿದ್ದೋಯ್ತಾ ಅಂತ. ತಕ್ಷಣ ಮತ್ತೆ ಕನೆಕ್ಟ್ ಆಗಿ ಶೋ ಗ್ಲೋಬಲ್ ಸ್ಟೇಟಸ್ ಕಮ್ಯಾಂಡ್‌ನಲ್ಲಿ ಅಪ್‌ಟೈಮ್ (ಸರ್ವರ್ ಶುರುವಾಗಿ ಎಷ್ಟು ಸೆಕೆಂಡ್ ಆಯ್ತು ಅನ್ನೋದು) ನೋಡಿ. 40-50 ಸೆಕೆಂಡ್ ಇದ್ರೆ ಅದು ಈಗಷ್ಟೇ ರೀಸ್ಟಾರ್ಟ್ ಆಗಿದೆ. ಲಕ್ಷಗಟ್ಲೆ ಇದ್ರೆ ಸರ್ವರ್ ಆರಾಮಾಗಿದೆ, ಕಟ್ ಆಗಿದ್ದು ನಿಮ್ಮ ಕನೆಕ್ಷನ್ ಮಾತ್ರ.

ರೀಸ್ಟಾರ್ಟ್ ಆಗಿದ್ರೆ ಎರರ್ ಲಾಗ್ ನೋಡಿ. ಅಲ್ಲಿ ಏನೂ ಇಲ್ದೆ ಇದ್ದಕ್ಕಿದ್ದಂಗೆ ನಿಂತಿದ್ರೆ ಮುಕ್ಕಾಲು ಪಾಲು ಮೆಮೊರಿ ಕಥೆನೇ, ಲಿನಕ್ಸ್ ಕರ್ನಲ್ಲೇ ಕೊಂದಿರುತ್ತೆ, ಕರ್ನಲ್ ಮೆಸೇಜ್ ತೋರ್ಸೋ ಡಿಮೆಸೇಜ್ (dmesg) ಕಮ್ಯಾಂಡ್‌ನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಸಿಗುತ್ತೆ. 2 ಜಿಬಿ ರ್‍ಯಾಮ್‌ಗೆ ಒಂದೂವರೆ ಜಿಬಿ ಬಫರ್ ಪೂಲ್ (ಡೇಟಾ ಇಟ್ಕೊಳ್ಳೋಕೆ ಮೈಎಸ್‌ಕ್ಯೂಎಲ್ ಬಳಸೋ ಮೆಮೊರಿ) ಕೊಟ್ಟಿದ್ರೆ ಇನ್ನೇನಾಗುತ್ತೆ, ಇಳ್ಸಿ ಅದನ್ನ.

ಸರ್ವರ್ ಆರಾಮಾಗಿದ್ರೆ ನನ್ನ ಮೊದಲ ಅನುಮಾನ ಮ್ಯಾಕ್ಸ್ ಅಲೋಡ್ ಪ್ಯಾಕೆಟ್ (max_allowed_packet, ಒಂದ್ಸಲಕ್ಕೆ ಕಳಿಸ್ಬೋದಾದ ಕಮ್ಯಾಂಡ್‌ನ ಗರಿಷ್ಠ ಸೈಜ್) ಮೇಲೆ. ಡಂಪ್ ತೆಗೆಯೋ ಟೂಲ್ ಮೈಎಸ್‌ಕ್ಯೂಎಲ್‌ಡಂಪ್ ನೂರಾರು ರೋಗಳನ್ನ (ಟೇಬಲ್‌ನ ಸಾಲುಗಳನ್ನ) ಒಂದೇ ಇನ್ಸರ್ಟ್ ಕಮ್ಯಾಂಡ್‌ಗೆ ತುಂಬುತ್ತೆ, ಅದು ಲಿಮಿಟ್ ದಾಟಿದ್ರೆ ಸರ್ವರ್ ಕನೆಕ್ಷನ್ ಮುಚ್ಚಿಬಿಡುತ್ತೆ. ಮೈಎಸ್‌ಕ್ಯೂಎಲ್ 5.7ರಲ್ಲಿ ಡೀಫಾಲ್ಟ್ 4 ಎಂಬಿ, 8.0ದಲ್ಲಿ 64 ಎಂಬಿ, ಅದಕ್ಕೇ ಹೊಸದ್ರಲ್ಲಿ ತೆಗೆದ ಡಂಪ್ ಕೆಲವೊಮ್ಮೆ ಹಳೇದ್ರಲ್ಲಿ ಹೋಗಲ್ಲ. ಅಂದಾಜಲ್ಲಿ ಹೇಳೋದ್ ಬೇಡ, ಅಳೆದೇ ನೋಡ್ಬೋದು: ಎರರ್ ಜೊತೆ 'ಅಟ್ ಲೈನ್ 812' ಅಂತ ಬಂದಿರುತ್ತಲ್ಲ, ಸೆಡ್ (sed) ಕಮ್ಯಾಂಡ್‌ನಿಂದ ಫೈಲ್‌ನ ಆ 812ನೇ ಸಾಲು ಒಂದನ್ನೇ ತೆಗೆದು, ಎಣಿಸೋ ಡಬ್ಲ್ಯೂಸಿ (wc) ಕಮ್ಯಾಂಡ್‌ಗೆ ಕೊಟ್ಟು ಬೈಟ್ ಎಣ್ಸಿ. ನಂದ್ರಲ್ಲಿ 38 ಎಂಬಿ ಬಂತು, ಯಾರೋ ಪುಣ್ಯಾತ್ಮರು ಬ್ಲಾಬ್ (ಬೈನರಿ ಡೇಟಾ ಇಡೋ) ಕಾಲಂಗೆ ಪಿಡಿಎಫ್ ತುರುಕಿದ್ರು, ಅದ್ರ ಮೇಲೆ ಒಂದೊಂದು ಬೈಟನ್ನೂ ಎರಡಕ್ಷರ ಮಾಡಿ ಬರೆಯೋ ಹೆಕ್ಸ್ ಬ್ಲಾಬ್ ಆಪ್ಷನ್ ಹಾಕಿ ಡಂಪ್ ತೆಗೆದಿದ್ರಿಂದ ಸೈಜ್ ಡಬಲ್.

ಲಿಮಿಟ್ ಏರ್ಸೋವಾಗ ಸರ್ವರ್‌ನಲ್ಲಷ್ಟೇ ಏರ್ಸಿದ್ರೆ ಸಾಲಲ್ಲ, ಕ್ಲೈಂಟ್‌ಗೂ ಬೇರೆ ಲಿಮಿಟ್ ಇದೆ, ಅದು 16 ಎಂಬಿ, ಇಂಪೋರ್ಟ್ ಕಮ್ಯಾಂಡ್‌ನಲ್ಲೇ ಜಾಸ್ತಿ ಕೊಡಿ. ಸರ್ವರ್‌ನಲ್ಲಿ ಸೆಟ್ ಗ್ಲೋಬಲ್ ಕಮ್ಯಾಂಡ್‌ನಿಂದ ಏರ್ಸಿದ್ದು ಹೊಸ ಕನೆಕ್ಷನ್‌ಗೆ ಮಾತ್ರ ಅನ್ವಯ, ರೀಸ್ಟಾರ್ಟ್ ಆದ್ರೆ ಹೋಗುತ್ತೆ, ಕಾನ್ಫಿಗ್ ಫೈಲ್‌ನಲ್ಲೂ ಬರೀರಿ.

ಬ್ರೌಸರ್‌ನಲ್ಲಿ ಓಡೋ ಪಿಎಚ್‌ಪಿಮೈಅಡ್ಮಿನ್‌ನಿಂದ ಇಂಪೋರ್ಟ್ ಮಾಡ್ತಿದ್ರೆ ಬಿಟ್ಬಿಡಿ, ಪಿಎಚ್‌ಪಿಯ ಅಪ್‌ಲೋಡ್ ಡೀಫಾಲ್ಟೇ 2 ಎಂಬಿ. ಕಮ್ಯಾಂಡ್ ಲೈನ್‌ಗೆ ಬನ್ನಿ, ಲಾಗಿನ್ ಕಟ್ ಆದ್ರೂ ಕೆಲಸ ನಡೆಸೋ ಟಿಮಕ್ಸ್ (tmux) ಒಳಗೆ ಓಡ್ಸಿ, ಇಲ್ಲಾಂದ್ರೆ ಎಸ್‌ಎಸ್‌ಎಚ್ ಕಟ್ ಆದಾಗ ಇಂಪೋರ್ಟೂ ಸಾಯುತ್ತೆ. ಎರರ್ 2013 (ಕ್ವೆರಿ ಮಧ್ಯೆ ಕನೆಕ್ಷನ್ ಕಟ್ ಆಯ್ತು ಅಂತ) ಬಂದ್ರೆ ಫೈಲನ್ನ ಡೇಟಾಬೇಸ್ ಇರೋ ಮಶೀನ್‌ಗೇ ಕಾಪಿ ಮಾಡಿ ಅಲ್ಲಿಂದಲೇ ಓಡ್ಸಿ. ಅಲ್ಲಿ ಸರಿಹೋದ್ರೆ ತೊಂದ್ರೆ ಮಧ್ಯದ ನೆಟ್‌ವರ್ಕ್ ಇಲ್ಲಾ ಫೈರ್‌ವಾಲ್‌ದು.

ಎರರ್ ಬಂದ್ರೂ ನಿಲ್ಲದ ಫೋರ್ಸ್ ಆಪ್ಷನ್ ಹಾಕಿ ಮುಂದೆ ತಳ್ಳೋಕೆ ಹೋಗ್ಬೇಡಿ, ಯಾವ ರೋ ಬಂತು ಯಾವುದು ಬಿಟ್ಟೋಯ್ತು ಅಂತ ಆಮೇಲೆ ಹುಡುಕ್ತಾ ಕೂರ್ಬೇಕಾಗುತ್ತೆ. ಮತ್ತೆ ಮೊದ್ಲಿಂದ ಓಡ್ಸೋ ಮುಂಚೆ ಡಂಪ್‌ನಲ್ಲಿ ಡ್ರಾಪ್ ಟೇಬಲ್ (ಹಳೇ ಟೇಬಲ್ ಅಳಿಸೋ ಕಮ್ಯಾಂಡ್) ಇದ್ಯಾ ನೋಡ್ಕೊಳ್ಳಿ, ಇಲ್ದಿದ್ರೆ ಅರ್ಧಂಬರ್ಧ ತುಂಬಿದ ಟೇಬಲ್‌ಗಳನ್ನ ನೀವೇ ತೆಗೀಬೇಕು.