ಸೆಕೆಂಡ್ ಹ್ಯಾಂಡ್ ಪಿಎಸ್2 ಕೊಳ್ಳುವಾಗ ನಾನು ಏನೇನು ನೋಡಿದೆ

ಪಿಎಸ್2 ಅಂದರೆ ಪ್ಲೇಸ್ಟೇಷನ್ 2, ಟಿವಿಗೆ ಸಿಕ್ಕಿಸಿ ಆಡುವ ಸೋನಿಯ ಹಳೇ ಗೇಮ್ ಮಷೀನ್. ಅದರ ತಯಾರಿಕೆ ನಿಂತದ್ದು 2013ರ ಆರಂಭದಲ್ಲಿ. ಈಗ ಸಿಗುವ ತೀರಾ ಹೊಸ ಪೀಸ್‌ಗೂ ಹತ್ತು ವರ್ಷ ದಾಟಿದೆ. ಹಾಗಾಗಿ "ಸರ್, ಒಂದು ಸ್ಕ್ರಾಚ್ ಕೂಡ ಇಲ್ಲ" ಎಂಬ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಲ್ಮೈ ಒರೆಸಿದರೆ ಹೊಳೆಯುತ್ತದೆ. ಸವೆಯುವುದು ಒಳಗೆ ಡಿಸ್ಕ್ ಓದುವ ಲೆನ್ಸ್.

ಅಷ್ಟಕ್ಕೂ ಮಷೀನೇ ಬೇಕಾ? ಪಿಎಸ್2 ಆಟಗಳನ್ನು ಕಂಪ್ಯೂಟರ್‌ನಲ್ಲೇ ಆಡಿಸುವ ಪಿಸಿಎಸ್‌ಎಕ್ಸ್2 ಎಂಬ ಸಾಫ್ಟ್‌ವೇರ್ (ಎಮ್ಯುಲೇಟರ್) ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡುತ್ತದೆ, ಚಿತ್ರವೂ ಅದರಲ್ಲೇ ಜಾಸ್ತಿ ಸ್ಪಷ್ಟ. ಆದರೆ ನಮ್ಮ ಮನೆಯಲ್ಲಿ ಹಳೇ ಡಬ್ಬಾ ಟಿವಿ ಇನ್ನೂ ಗಟ್ಟಿಯಾಗಿದೆ, ಅಣ್ಣನ ಒರಿಜಿನಲ್ ಡಿಸ್ಕ್‌ಗಳು ಕಪಾಟಿನಲ್ಲಿವೆ. ಬರೀ ಎಲ್‌ಇಡಿ ಟಿವಿ ಇದ್ದವರು ಸ್ವಲ್ಪ ಯೋಚಿಸಿ. ಹಳದಿ ಪಿನ್ನಿನ ವೈರ್ ಹಾಕಿದರೆ ಅದರಲ್ಲಿ ಎಲ್ಲಾ ಮಸುಕು ಮಸುಕು. ಚಿತ್ರ ಇನ್ನೂ ಸ್ಪಷ್ಟ ಬರುವ ಕಾಂಪೊನೆಂಟ್ ಕೇಬಲ್ ಬೇಕಾದರೆ ಅದು ಬೇರೆ ಖರ್ಚು.

ನೋಡಲು ಹೋಗುವಾಗ ಡಿಸ್ಕ್ ನಾನೇ ಒಯ್ದೆ. ಪಿಎಸ್2 ಲೆನ್ಸ್‌ನಲ್ಲಿ ಸಿಡಿಗೊಂದು, ಡಿವಿಡಿಗೊಂದು ಲೇಸರ್ ಇರುತ್ತದೆ. ಒಂದು ಸತ್ತರೂ ಇನ್ನೊಂದು ಓದುತ್ತಲೇ ಇರುತ್ತದೆ. ಅದಕ್ಕೇ ಕೆಳಗಡೆ ನೀಲಿ ಇರುವ ಸಿಡಿ ಆಟ, ಬೆಳ್ಳಿ ಬಣ್ಣದ ಡಿವಿಡಿ ಆಟ ಎರಡೂ ಬೇಕು. ಮೊದಲು ನೋಡಿದ್ದು ಲಕಲಕ ಅನ್ನುವ ಸ್ಲಿಮ್ ಮಾಡೆಲ್. ನೀಲಿ ಡಿಸ್ಕ್ ತಕ್ಷಣ ಓದಿತು. ಡಿವಿಡಿ ಹಾಕಿದೆ. ಒಳಗೆ ಕರಕರ ಸದ್ದು, ಆಮೇಲೆ ಡಿಸ್ಕ್ ಓದಲಾಗಲಿಲ್ಲ ಅನ್ನುವ ಕೆಂಪು ಪರದೆ. "ಲೆನ್ಸ್ ಕ್ಲೀನ್ ಮಾಡಿದ್ರೆ ಆಯ್ತು ಸರ್" ಅಂದರು ಮಾರುವವರು. ಅಷ್ಟೇ ಆಗಿದ್ದರೆ ಕ್ಲೀನ್ ಮಾಡಿಯೇ ಮಾರುತ್ತಿದ್ದರಲ್ವಾ? ಎದ್ದು ಬಂದೆ.

ಆಮೇಲೆ ಸಿಕ್ಕಿದ್ದು ಗೀರು ಬಿದ್ದ ದಪ್ಪ ಮಾಡೆಲ್. ಎರಡೂ ಡಿಸ್ಕ್ ಓಡಿದವು. ಆದರೂ ಕಟ್‌ಸೀನ್, ಅಂದರೆ ಆಟದ ನಡುವೆ ಬರುವ ಕಥೆಯ ವಿಡಿಯೋ, ಬರುವವರೆಗೆ ಆಡಿದೆ. ಲೆನ್ಸ್ ಸೋತಿದ್ದರೆ ವಿಡಿಯೋ ತಡವರಿಸುವುದು ಅಲ್ಲೇ. ಗೇಮ್ ಸೇವ್ ಮಾಡಿ, ಮಷೀನ್ ಆಫ್ ಮಾಡಿ, ಮತ್ತೆ ಲೋಡ್ ಮಾಡಿದೆ. ಮೆಮೊರಿ ಕಾರ್ಡ್ ಸೋನಿಯದೇ, 8 ಎಂಬಿಯದು. ಆನ್ ಮಾಡಿದಾಗ ಡೇಟ್ ತಪ್ಪಿತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ಒಳಗಿನ ಬಟನ್ ಸೆಲ್ ಹಾಕಿಸಿದರೆ ಮುಗಿಯಿತು. ಹಿಂದಿನ ಲೇಬಲ್ ಮಾತ್ರ ಬಗ್ಗಿ ಓದಿದೆ. ಅಮೆರಿಕದಿಂದ ತಂದ ದಪ್ಪ ಪೀಸ್ ಆದರೆ 120 ವೋಲ್ಟ್ ಇರುತ್ತದೆ, ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಕಥೆ ಮುಗೀತು.

ಕಂಟ್ರೋಲರ್‌ನಲ್ಲಿ ತೊಂದರೆ ಇತ್ತು. ಸ್ಟಿಕ್‌ನಿಂದ ಬೆರಳು ತೆಗೆದರೂ ಹೀರೋ ತನ್ನಷ್ಟಕ್ಕೆ ಎಡಕ್ಕೆ ನಡೆಯುತ್ತಿದ್ದ. ಮಾರುವವರಿಗೇ ಕೊಟ್ಟು ತೋರಿಸಿದೆ. 5,500 ಹೇಳಿದ್ದವರು 4,500ಕ್ಕೆ ಒಪ್ಪಿದರು. ಉಳಿದ ಸಾವಿರ ಬೇರೆ ಕಂಟ್ರೋಲರ್‌ಗೆ ಎತ್ತಿಟ್ಟಿದ್ದೇನೆ. ಒರಿಜಿನಲ್ ಸಿಗುವವರೆಗೆ ಅಣ್ಣ ಸುಮ್ನೆ ಬೈಯುತ್ತಾ ಎಡಕ್ಕೇ ಹೋಗುತ್ತಿದ್ದಾನೆ.