ಸಾಫ್ಟ್‌ಬಾಲ್ ಪಿಚಿಂಗ್: ತೋಳಿಗಿಂತ ಮೊದಲು ಕಾಲು

ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ ನೋಡಲು ಬಂದವರ ಕಣ್ಣೆಲ್ಲ ಚೆಂಡೆಸೆಯುವ ಪಿಚರ್‌ನ ಗಿರ್ರನೆ ತಿರುಗುವ ತೋಳಿನ ಮೇಲೆ. ಅಂಪೈರ್‌ ಮಾತ್ರ ಆಕೆಯ ಕಾಲನ್ನೂ ಬಿಡದೆ ಗಮನಿಸುತ್ತಿರುತ್ತಾರೆ. ಇಲ್ಲಿರುವುದು ಅಮೆರಿಕದ ಹೈಸ್ಕೂಲ್ ಹುಡುಗಿಯರ ಆಟದ ನಿಯಮ. ಬಲಗೈ ಪಿಚರ್‌ ಲೆಕ್ಕದಲ್ಲಿ ಬರೆದಿದ್ದೇನೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಿ.

ಪಿಚರ್‌ ನಿಲ್ಲುವ ಪಟ್ಟಿ 24 ಇಂಚು ಅಗಲ, ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟ್‌ನಿಂದ 43 ಅಡಿ ದೂರ. ಬಲಗಾಲು ಅದರ ಮೇಲಿರಲಿ, ಎಡಗಾಲು ಅದಕ್ಕೆ ತಾಗಿ ಅಥವಾ ಹಿಂದೆ. ಕೈಗಳನ್ನು ಬೇರೆಬೇರೆ ಇಟ್ಟುಕೊಂಡೇ, ಬ್ಯಾಟರ್ ಹಿಂದೆ ಚೆಂಡು ಹಿಡಿಯಲು ಕೂತ ಕ್ಯಾಚರ್‌ನ ಸನ್ನೆ ನೋಡಿ. ಬಳಿಕ ಕೈ ಜೋಡಿಸಿ: ಕನಿಷ್ಠ 1 ಸೆಕೆಂಡ್, ಗರಿಷ್ಠ 10. ಹಿಂದಕ್ಕೆ ಹೆಜ್ಜೆ ಇಡುವ ಅಭ್ಯಾಸವಿದ್ದರೆ ಕೈ ಸೇರುವ ಮೊದಲೇ ಅದು ಶುರುವಾಗಿರಬೇಕು.

ಈಗ ಎಡಗಾಲು ಬ್ಯಾಟರ್ ಕಡೆಗೆ, ಅದೇ 24 ಇಂಚಿನ ಅಗಲದೊಳಗೆ, ಒಂದೇ ಹೆಜ್ಜೆ. ಅಭ್ಯಾಸಕ್ಕೆ ಪಟ್ಟಿಯ ಎರಡೂ ತುದಿಯಿಂದ ಮುಂದಕ್ಕೆ ಸುಣ್ಣದ ಗೆರೆ ಎಳೆದುಕೊಳ್ಳಿ.

ಹೆಚ್ಚಿನವರು ಸಿಕ್ಕಿಬೀಳುವುದು ಬಲಗಾಲಿನಲ್ಲಿ. ಪಟ್ಟಿಯನ್ನು ಒದ್ದು ಹೊರಟ ಈ ಕಾಲು ಮೊದಲೆಲ್ಲ ನೆಲಕ್ಕೆ ತಾಗಿಕೊಂಡೇ ಎಳೆದು ಬರಬೇಕಿತ್ತು. 2025ರ ಋತುವಿನಿಂದ ಅದು ಗಾಳಿಯಲ್ಲಿದ್ದರೂ ತಪ್ಪಲ್ಲ. ಆದರೆ ಮುಂದೆ ಜಿಗಿದು, ಅದೇ ಕಾಲನ್ನು ಮತ್ತೆ ಊರಿ, ಅಲ್ಲಿಂದ ಎರಡನೇ ಸಲ ಒದ್ದು ಎಸೆದರೆ ಅದು ಕ್ರೋ ಹಾಪ್, ಇಂದಿಗೂ ಅಕ್ರಮ. ಎಸೆದ ಮೇಲೆ ಮಣ್ಣು ನೋಡಿ: ಪಟ್ಟಿಯಿಂದ ಹೊರಟ ಬಲಗಾಲಿನ ಗೆರೆ ಉದ್ದಕ್ಕೂ ಕಂಡರೆ ಚಿಂತೆಯಿಲ್ಲ, ಗೆರೆ ಕಡಿದು, ಮುಂದೆಲ್ಲೋ ಹೊಸ ಗುಳಿ ಬಿದ್ದಿದ್ದರೆ ಅನುಮಾನಪಡಿ. ಫೋನನ್ನು ನೆಲಮಟ್ಟದಲ್ಲಿಟ್ಟು ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದರೆ ಗೊತ್ತಾಗಿಬಿಡುತ್ತದೆ. ನಿಯಮ ಸಡಿಲವಾದರೂ ಹೊಸಬರಿಗೆ ಕಾಲನ್ನು ನೆಲಕ್ಕೆ ತಾಗಿಸಿ ಎಳೆಯುವುದನ್ನೇ ಕಲಿಸುವುದು ಲೇಸು ಎಂಬುದು ನನ್ನ ಮತ. ಜಿಗಿಯಲು ಹೋದವರು ಮತ್ತೆ ಊರಿಬಿಡುವುದೇ ಹೆಚ್ಚು.

ಹೆಜ್ಜೆ ಮುಂದೆ ಹೋಗುವಾಗ ತೋಳು ಮೇಲೇರುತ್ತದೆ, ಸೊಂಟ ಮೂರನೇ ಬೇಸ್ ಕಡೆ ತೆರೆದುಕೊಳ್ಳುತ್ತದೆ. ಎಡಗಾಲು ಗಟ್ಟಿಯಾಗಿ ಊರಿ ದೇಹವನ್ನು ತಡೆದಾಗ ಆ ವೇಗ ತೋಳಿಗೆ ದಾಟುತ್ತದೆ. ಭುಜದ ಬಲದಿಂದಲೇ ಎಸೆಯಲು ಹೋದರೆ ಭುಜ ನೋಯುತ್ತದೆ, ಅಷ್ಟೇ. ಚೆಂಡು ಬಿಡುವಾಗ ಕೈ ಸೊಂಟಕ್ಕಿಂತ ಕೆಳಗಿರಬೇಕು, ಮಣಿಕಟ್ಟು ಮೊಣಕೈಗಿಂತ ದೇಹದಿಂದ ದೂರ ಸರಿಯಬಾರದು. ಮುಂಗೈ ಸೊಂಟವನ್ನು ಸವರಿಕೊಂಡು ಹೋದರೆ ಎರಡೂ ತಾನಾಗಿ ಆಗುತ್ತವೆ.

ಅಂಪೈರ್ ಎಡಗೈಯನ್ನು ಅಡ್ಡ ಚಾಚಿದರೆ ಅಕ್ರಮ ಪಿಚ್ (ಎಸೆತ) ಎಂದರ್ಥ. ಬ್ಯಾಟರ್‌ಗೆ ಒಂದು ‘ಬಾಲ್’, ಅಂದರೆ ಆಕೆಯ ಪರವಾಗಿ ಎಣಿಸುವ ಕೆಟ್ಟ ಎಸೆತ, ಸಿಗುತ್ತದೆ. ಆದರೆ ಆಟ ತಕ್ಷಣ ನಿಲ್ಲದು, ಆಕೆ ಆ ಚೆಂಡನ್ನು ಹೊಡೆಯಲೂಬಹುದು. ಹಾಗಾಗಿ ತಲೆ ಚಚ್ಚಿಕೊಳ್ಳುತ್ತ ನಿಲ್ಲದೆ ಗ್ಲೌಸ್ ಎತ್ತಿ ಹಿಡಿಯಿರಿ.